ಕೇಳಿಸದಿದ್ದರೂ ಕೈ ಎತ್ತಿದ್ದೆ!

ಬೆಳಗಿನ ಜಾವ ಮೂರೂವರೆಗೆ ಎಚ್ಚರ ಇರುವುದು ನಮ್ಮಂಥ ಹಾಸ್ಟೆಲ್ ಹುಡುಗರಿಗೆ ಹೊಸದೇನಲ್ಲ. ಆದರೆ ನಮಗದು ಮಲಗುವ ಹೊತ್ತು. ಕಳೆದ ಬೇಸಿಗೆಯಲ್ಲಿ ಒಂದು ವಾರ ನನ್ನ ಪಾಲಿಗೆ ಅದು ಏಳುವ ಹೊತ್ತಾಯಿತು. ಕಾರಿಡಾರಿನಲ್ಲಿ ಸ್ವಯಂಸೇವಕರು ಬಾಗಿಲು ಬಡಿಯುತ್ತಾ ಹೋಗುತ್ತಿದ್ದರು. ತಣ್ಣೀರಲ್ಲಿ ಮುಖ ತೊಳೆದು, ಅರ್ಧ ನಿದ್ದೆಯಲ್ಲೇ ನಡೆದು, ನಾಲ್ಕು ಗಂಟೆಗೆ ಅರೆಗತ್ತಲ ಸಭಾಂಗಣದಲ್ಲಿ ಜಮಖಾನೆಯ ಮೇಲೆ ಕಾಲು ಮಡಚಿ ಕೂರಬೇಕು. ಎದುರಿಗೆ ಎರಡು ತಂಬೂರಿ, ನಡುವೆ ಗುರುಗಳು. ಅವರು ‘ಸಾ’ ಎಂದರೆ ನಾವೂ ‘ಸಾ’. ಮತ್ತೆ ‘ಸಾ’. ಮುಕ್ಕಾಲು ಗಂಟೆ ಬರೀ ‘ಸಾ’!

ಮೊದಲ ದಿನ ನಾನು ‘ರೀ’ ಯಾವಾಗ ಬರುತ್ತದೆ ಎಂದು ಕಾದಿದ್ದೇ ಬಂತು. ‘ರೀ’ ಬರಲಿಲ್ಲ. ಕಾಲಿಗೆ ಜೋಮು ಬಂತು.

ಅದು ಸ್ಪಿಕ್ ಮೆಕೆ ಸಂಸ್ಥೆಯ ಅಂತರರಾಷ್ಟ್ರೀಯ ಸಮಾವೇಶ. ಹೊರ ರಾಜ್ಯದ ಒಂದು ತಾಂತ್ರಿಕ ಸಂಸ್ಥೆಯ ಕ್ಯಾಂಪಸ್ಸಿನಲ್ಲಿ ಒಂದು ವಾರ ನಡೆಯಿತು. ದೇಶದ ಎಲ್ಲ ಮೂಲೆಗಳಿಂದ, ಹೊರದೇಶಗಳಿಂದಲೂ ಬಂದ ಹುಡುಗ ಹುಡುಗಿಯರು. ಬೆಳಿಗ್ಗೆ ನಾದಯೋಗ, ಹಠಯೋಗ, ಆಮೇಲೆ ಶ್ರಮದಾನ. ಹಗಲು ಒಬ್ಬ ಗುರುವಿನ ಬಳಿ ಒಂದೇ ಕಲೆಯ ಕಲಿಕೆ. ಸಂಜೆ ಕಛೇರಿ, ನೃತ್ಯ, ನಾಟಕ. ನೆಲದ ಮೇಲೆ ಕೂತು ಸಾತ್ವಿಕ ಊಟ, ತಿಂದ ತಟ್ಟೆ ನಾವೇ ತೊಳೆಯಬೇಕು. ಮೊಬೈಲ್ ಆದಷ್ಟು ಬ್ಯಾಗಿನಲ್ಲೇ ಇರಲಿ ಎಂಬ ವಿನಂತಿ. ಒಟ್ಟಿನಲ್ಲಿ ಅರ್ಧ ಆಶ್ರಮ, ಅರ್ಧ ಜಾತ್ರೆ.

ಸಂಗೀತದ ಗಂಧಗಾಳಿ ಇಲ್ಲದ ನಾನು ಅಲ್ಲಿಗೆ ಹೇಗೆ ಹೋದೆ? ಅದನ್ನು ಹೇಳಲು ಸ್ವಲ್ಪ ನಾಚಿಕೆಯಾಗುತ್ತದೆ. ಆದರೆ ಈ ಬರಹದ ವಿಷಯವೇ ಅದು.

ಹೋಗಿದ್ದು ಬೇರೆಯದಕ್ಕೇ!

ನಾನು ಗದಗ ಜಿಲ್ಲೆಯ ಹಳ್ಳಿಯವನು. ಬಿ.ಇ., ಎಲೆಕ್ಟ್ರಾನಿಕ್ಸ್ ಆ್ಯಂಡ್ ಕಮ್ಯುನಿಕೇಷನ್. ಅಪ್ಪ ಸರ್ಕಾರಿ ಬಸ್ ಡ್ರೈವರ್. ಹಿಂದಿನ ಸೆಮಿಸ್ಟರ್‌ನಲ್ಲಿ ‘ಸಿಗ್ನಲ್ಸ್ ಆ್ಯಂಡ್ ಸಿಸ್ಟಮ್ಸ್’ ಪೇಪರ್ ಬ್ಯಾಕ್ ಆಯಿತು. ಫಲಿತಾಂಶ ಬಂದ ಸಂಜೆ ಅಪ್ಪ ಫೋನ್ ಮಾಡಿ ‘ಏನಾತೋ ತಮ್ಮಾ?’ ಎಂದ. ಹಿಂದೆ ಬಸ್ ನಿಲ್ದಾಣದ ಗದ್ದಲ ಕೇಳುತ್ತಿತ್ತು. ಆಮೇಲೆ ಹೇಳಿದರಾಯಿತು ಎಂದುಕೊಂಡು ‘ಎಲ್ಲಾ ಕ್ಲಿಯರ್ ಅಪ್ಪಾ’ ಎಂದುಬಿಟ್ಟೆ. ಮರುದಿನ ಅವ್ವ ಹೇಳಿದಳು, ಅಪ್ಪ ಡೆಪೊದಲ್ಲಿ ಎಲ್ಲರಿಗೂ ಫೇಡೆ ಹಂಚಿದನಂತೆ. ಅಲ್ಲಿಗೆ ನಿಜ ಹೇಳುವ ದಾರಿ ಪೂರ್ತಿ ಬಂದ್ ಆಯಿತು.

ಬೇಸಿಗೆ ರಜೆಯಲ್ಲಿ ಮನೆಗೆ ಹೋದರೆ ಅಪ್ಪನ ಮುಖ ನೋಡಬೇಕು. ಇಂಟರ್ನ್‌ಷಿಪ್‌ಗೆ ಹಾಕಿದ ಅರ್ಜಿಗಳಿಗೆ ಉತ್ತರವೇ ಇಲ್ಲ. ಅದೇ ಹೊತ್ತಿಗೆ ಕಾಲೇಜಿನ ಕಲ್ಚರಲ್ ಗ್ರೂಪಿನಲ್ಲಿ ಸಮಾವೇಶದ ಪೋಸ್ಟರ್ ಬಂತು. ಸರ್ಟಿಫಿಕೇಟ್ ಸಿಗಬಹುದು, ಆ್ಯಕ್ಟಿವಿಟಿ ಪಾಯಿಂಟ್‌ಗೂ ಬರಬಹುದು, ಮುಖ್ಯವಾಗಿ ಒಂದು ವಾರ ಮನೆ ತಪ್ಪುತ್ತದೆ. ಸ್ಲೀಪರ್ ಕ್ಲಾಸ್ ಟಿಕೆಟ್ ಮಾಡಿಸಿ ಹೊರಟೆ. ಸಂಗೀತದ ಮೇಲಿನ ಪ್ರೀತಿಯಿಂದ ಹೋಗಿದ್ದೆ ಎಂದು ಈಗ ಬರೆದರೆ ಅದು ಇನ್ನೊಂದು ‘ಎಲ್ಲಾ ಕ್ಲಿಯರ್’ ಆಗುತ್ತದೆ.

ಅಲ್ಲಿ ಕಲಿಯಲು ನಾನು ಮೊದಲು ಗುರುತು ಹಾಕಿದ್ದು ಸಿತಾರ್‌ಗೆ. ಭರ್ತಿಯಾಗಿತ್ತು. ಎರಡನೆಯದು ತಬಲಾ. ಅದೂ ಭರ್ತಿ. ಕೊನೆಗೆ ಸಿಕ್ಕಿದ್ದು ಧ್ರುಪದ್. ಹಿಂದೂಸ್ತಾನಿಯಲ್ಲಿ ಖ್ಯಾಲ್‌ಗಿಂತ ಹಳೆಯ ಗಾಯನ ಪದ್ಧತಿ ಅದು. ಮೊದಲು ಸಾಹಿತ್ಯವೂ ಇಲ್ಲ, ತಾಳವೂ ಇಲ್ಲ. ‘ರಿ’, ‘ನ’, ‘ತೋಂ’, ‘ನೋಂ’ ಎಂಬಂಥ ಅಕ್ಷರಗಳಲ್ಲಿ ರಾಗವನ್ನು ಮಂದ್ರದಿಂದ ಒಂದೊಂದೇ ಸ್ವರ ಹಿಡಿದು ಏರಿಸುತ್ತಾ ಹೋಗುತ್ತಾರೆ. ಗಾಯಕರು ಪೂರ್ತಿ ಏರಿ ಇಳಿದ ಮೇಲಷ್ಟೇ ಪಖಾವಜ್ ಶುರುವಾಗುತ್ತದೆ. ಹದಿನೈದು ಸೆಕೆಂಡಿನ ರೀಲ್ಸ್ ಕೂಡ ಪೂರ್ತಿ ನೋಡದೆ ಮೇಲಕ್ಕೆ ತಳ್ಳುವ ನನಗೆ ಇದು ಸಿಕ್ಕಿದ್ದು!

ಎಂಜಿನಿಯರ್ ಕಟ್ಟಿದ ಕೂಟ

ಆದರೆ ಈ ಕೂಟ ಕಟ್ಟಿದವರೂ ಎಂಜಿನಿಯರ್ ಎಂದು ತಿಳಿದಾಗ ಸ್ವಲ್ಪ ಸಮಾಧಾನವಾಯಿತು. ಕಿರಣ್ ಸೇಠ್ ಓದಿದ್ದು ಖರಗಪುರದ ಐಐಟಿಯಲ್ಲಿ. ಪಿಎಚ್‌.ಡಿ.ಗೆಂದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋಗಿದ್ದಾಗ ಅಲ್ಲಿನ ಬ್ರೂಕ್ಲಿನ್‌ನಲ್ಲಿ ಡಾಗರ್ ಮನೆತನದ ಗಾಯಕರ ಧ್ರುಪದ್ ಕೇಳಿದರು. ಅದು ಅವರನ್ನು ಬಿಡಲಿಲ್ಲ. ದೇಶಕ್ಕೆ ಮರಳಿ ದೆಹಲಿ ಐಐಟಿಯ ಮೆಕ್ಯಾನಿಕಲ್ ವಿಭಾಗದಲ್ಲಿ ಪಾಠ ಮಾಡುತ್ತಲೇ 1977ರಲ್ಲಿ ಸ್ಪಿಕ್ ಮೆಕೆ ಶುರು ಮಾಡಿದರು. ಯುವಜನರಿಗೆ ಶಾಸ್ತ್ರೀಯ ಸಂಗೀತ, ಸಂಸ್ಕೃತಿ ತಲುಪಬೇಕೆಂಬುದು ಉದ್ದೇಶ. ಶಾಲೆ ಕಾಲೇಜುಗಳಿಗೆ ಕಲಾವಿದರೇ ಬಂದು ಹಾಡುತ್ತಾರೆ, ಕುಣಿಯುತ್ತಾರೆ, ಮಕ್ಕಳ ಜೊತೆ ಮಾತಾಡುತ್ತಾರೆ. ನಡೆಸುವವರು ಬಹುಪಾಲು ಸ್ವಯಂಸೇವಕರು. 2009ರಲ್ಲಿ ಸೇಠ್ ಅವರಿಗೆ ಪದ್ಮಶ್ರೀ ಬಂತು. ಎಪ್ಪತ್ತು ದಾಟಿದ ಮೇಲೆ, 2022ರಲ್ಲಿ, ಇದೇ ಕೆಲಸದ ಪ್ರಚಾರಕ್ಕೆ ಕಾಶ್ಮೀರದಿಂದ ಕನ್ಯಾಕುಮಾರಿಗೆ ಸೈಕಲ್ ಹೊಡೆದರು. ಗೇರ್ ಇಲ್ಲದ ಸೈಕಲ್ ಮೇಲೆ!

ನಾಚಿಕೆ ಪಡಬೇಕಾದ ಇನ್ನೊಂದು ಸಂಗತಿಯೂ ಅಲ್ಲಿ ಗೊತ್ತಾಯಿತು. ಪರಿಚಯ ಮಾಡಿಕೊಳ್ಳುವಾಗ ‘ಗದಗ’ ಎಂದೆ. ನಮ್ಮ ಗುರುಗಳು ತಂಬೂರಿ ಶ್ರುತಿ ಮಾಡುವುದನ್ನು ನಿಲ್ಲಿಸಿ ನನ್ನತ್ತ ನೋಡಿದರು. ‘ಭೀಮಸೇನ್‌ಜೀ ಅವರ ಗದಗ?’ ಎಂದರು ಹಿಂದಿಯಲ್ಲಿ.

ಹೌದು, ಭೀಮಸೇನ ಜೋಶಿ 1922ರಲ್ಲಿ ಹುಟ್ಟಿದ್ದು ನಮ್ಮ ಜಿಲ್ಲೆಯ ರೋಣದಲ್ಲಿ, ಬೆಳೆದಿದ್ದು ಗದಗಿನಲ್ಲಿ. ಅಬ್ದುಲ್ ಕರೀಂ ಖಾನರ ಗಾನಮುದ್ರಿಕೆ ಕೇಳಿ ಹುಚ್ಚು ಹಿಡಿದು, ಇನ್ನೂ ಮೀಸೆ ಚಿಗುರದ ವಯಸ್ಸಿನಲ್ಲಿ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಓಡಿದವರು. ನಾನೂ ಒಂಥರಾ ಮನೆಯಿಂದ ಓಡಿ ಬಂದವನೇ. ಆದರೆ ಅವರ ಓಟಕ್ಕೂ ನನ್ನ ಓಟಕ್ಕೂ ಹೋಲಿಕೆಯೇ ಬೇಡ.

‘ಪುಟ್ಟರಾಜ ಗವಾಯಿಗಳ ಆಶ್ರಮಕ್ಕೆ ಹೋಗಿದ್ದೀಯಾ?’ ಗುರುಗಳ ಮುಂದಿನ ಪ್ರಶ್ನೆ. ಅಂಧ ಮಕ್ಕಳಿಗೆ ಅನ್ನ, ಅಕ್ಷರ, ಸಂಗೀತ ಮೂರನ್ನೂ ಕೊಟ್ಟ ವೀರೇಶ್ವರ ಪುಣ್ಯಾಶ್ರಮದ ಮುಂದೆ ನಾನು ಪಿಯುಸಿಯ ಎರಡು ವರ್ಷ ಓಡಾಡಿದ್ದೇನೆ. ಒಂದು ದಿನವೂ ಒಳಗೆ ಕೂತು ಹಾಡು ಕೇಳಿಲ್ಲ. ಆದರೂ ಬಾಯಿಗೆ ಬಂದಿದ್ದು ‘ಹೋಗಿದ್ದೇನೆ ಗುರೂಜಿ’. ಚಟ ಅಂದರೆ ಹೀಗೇ ಇರಬೇಕು.

ಗಾಂಧಾರ ಕೇಳಿಸಿತಾ?

ಎರಡನೇ ದಿನ ಓಡಿಹೋಗಬೇಕು ಅನ್ನಿಸಿತು. ಕಣ್ಣು ಮುಚ್ಚಿ ‘ಸಾ’ ಅನ್ನುವಾಗ ತಲೆಯಲ್ಲಿ ಎಲ್ಲವೂ ಬರುತ್ತಿದ್ದವು. ಬ್ಯಾಕ್ ಪೇಪರ್, ಫೇಡೆ, ಗೆಳೆಯರ ಇಂಟರ್ನ್‌ಷಿಪ್ ಸ್ಟೇಟಸ್. ಪಕ್ಕದಲ್ಲಿ ಮಣಿಪುರದ ಒಬ್ಬ ಹುಡುಗ. ಅವನಿಗೆ ಕನ್ನಡ ಬರದು, ನನಗೆ ಅವನ ಮಾತು ಬರದು, ಇಬ್ಬರ ಹಿಂದಿಯೂ ಅಷ್ಟಕ್ಕಷ್ಟೇ. ಆದರೆ ಪಾತ್ರೆ ತೊಳೆಯುವ ಪಾಳಿ ಒಟ್ಟಿಗೇ ಬಿದ್ದಿತ್ತು. ದೊಡ್ಡ ಹಂಡೆಗಳನ್ನು ಉಜ್ಜುತ್ತಾ ಅವನು ಬೆಳಗಿನ ಸ್ವರ ಗುನುಗುತ್ತಿದ್ದ. ನಾನು ನಲ್ಲಿ ನೀರಿನ ಸದ್ದಿನಲ್ಲಿ ಅವನ ಜೊತೆ ಸೇರಿಸುತ್ತಿದ್ದೆ. ಸಭಾಂಗಣದಲ್ಲಿ ಹೊರಡದ ದನಿ ಬಚ್ಚಲಲ್ಲಿ ಹೊರಡುತ್ತಿತ್ತು.

ಮೂರನೇ ದಿನ ಗುರುಗಳು ಹಾಡಲಿಲ್ಲ, ಹಾಡಿಸಲೂ ಇಲ್ಲ. ‘ಇವತ್ತು ಕೇಳುವ ಪಾಠ’ ಎಂದರು. ತಂಬೂರಿಗೆ ನಾಲ್ಕು ತಂತಿ. ಒಂದು ‘ಪ’, ಎರಡು ‘ಸಾ’, ಕೊನೆಯದು ಕೆಳಗಿನ ‘ಸಾ’, ಅಂದರೆ ಖರಜ. ಇಷ್ಟೇ. ಗುರುಗಳು ತಂತಿಗೂ ಕುದುರೆಗೂ ನಡುವೆ ಒಂದು ಎಳೆ ನೂಲು ತೂರಿಸಿ, ಅತ್ತಿತ್ತ ಕೂದಲೆಳೆಯಷ್ಟು ಸರಿಸಿದರು. ಒಣಕಲು ‘ಟಂಯ್’ ಎನ್ನುತ್ತಿದ್ದ ತಂತಿ ಇದ್ದಕ್ಕಿದ್ದಂತೆ ಜೇನುಗೂಡಿನ ಹಾಗೆ ಗುಂಯ್‌ಗುಟ್ಟತೊಡಗಿತು. ಇದಕ್ಕೆ ‘ಜವಾರಿ’ ಬರುವುದು ಎನ್ನುತ್ತಾರಂತೆ. ನಮ್ಮ ಕಡೆ ಜವಾರಿ ಅಂದರೆ ನಾಟಿ. ಜವಾರಿ ಸವತಿಕಾಯಿ, ಜವಾರಿ ಕೋಳಿ. ತಂಬೂರಿಗೂ ಜವಾರಿ ಇದೆ ಎಂದು ಗೊತ್ತೇ ಇರಲಿಲ್ಲ.

‘ಇದರಲ್ಲಿ ಗಾಂಧಾರದ ತಂತಿ ಇಲ್ಲ. ಆದರೆ ಖರಜದಿಂದ ಗಾಂಧಾರ ತಾನಾಗಿ ಹುಟ್ಟುತ್ತದೆ. ಸ್ವಯಂಭೂ ಗಾಂಧಾರ. ಕೇಳಿ’ ಎಂದರು. ಹತ್ತು ನಿಮಿಷ ತಂಬೂರಿ ಬಿಟ್ಟರೆ ಸಭಾಂಗಣದಲ್ಲಿ ಬೇರೆ ಸದ್ದಿಲ್ಲ. ಆಮೇಲೆ ಕೇಳಿದರು: ‘ಯಾರಿಗೆ ಕೇಳಿಸಿತು?’

ಮುಂದಿನ ಸಾಲಿನಲ್ಲಿ ಒಂದು ಕೈ ಮೇಲೆದ್ದಿತು. ಮತ್ತೆರಡು. ಆಮೇಲೆ ಹತ್ತಾರು. ಪಕ್ಕದ ಮಣಿಪುರದ ಹುಡುಗ ಮಾತ್ರ ಕೈ ಕಟ್ಟಿ ಕೂತಿದ್ದ. ನನಗೆ ಏನೂ ಕೇಳಿಸಿರಲಿಲ್ಲ. ಆದರೂ ನನ್ನ ಕೈ ತಾನಾಗಿ ಮೇಲೆದ್ದಿತು. ಸ್ವಯಂಭೂ ಕೈ!

ಆ ರಾತ್ರಿ ನಿದ್ದೆ ಬರಲಿಲ್ಲ. ಕೈ ಎತ್ತಿದ್ದು ಗಾಂಧಾರಕ್ಕೊಂದೇ ಅಲ್ಲವಲ್ಲ ಎಂದು ಹೊಳೆಯಿತು. ಕ್ಲಾಸಿನಲ್ಲಿ ಸರ್ ಫೋರಿಯರ್ ಸೀರೀಸ್ ಬಿಡಿಸಿ ‘ಅರ್ಥ ಆಯ್ತಾ?’ ಎಂದಾಗ ಎಲ್ಲರ ಜೊತೆ ‘ಎಸ್ ಸರ್’ ಅಂದಿದ್ದೆ. ಲ್ಯಾಬಿನಲ್ಲಿ ಪಕ್ಕದವನ ರೀಡಿಂಗ್ ನೋಡಿ ಬರೆದು ‘ಬಂತು ಸರ್’ ಅಂದಿದ್ದೆ. ಫೋನಿನಲ್ಲಿ ‘ಎಲ್ಲಾ ಕ್ಲಿಯರ್’ ಅಂದಿದ್ದೆ. ಒಂದೊಂದೂ ಸಣ್ಣ ಸುಳ್ಳೇ. ಪ್ರತಿ ಸಲವೂ ಆ ಗಳಿಗೆಯಲ್ಲಿ ಪಾರಾಗಿದ್ದೆ. ಆದರೆ ‘ಅರ್ಥ ಆಯ್ತು’ ಎಂದವನಿಗೆ ಮತ್ತೊಮ್ಮೆ ಯಾರು ಹೇಳಿಕೊಡುತ್ತಾರೆ?

ಬುರುಡೆಗೆ ಕಿವಿಯಿಟ್ಟು

ಮರುದಿನ ಶ್ರಮದಾನದ ಹೊತ್ತಿನಲ್ಲಿ ಪೊರಕೆ ಹಿಡಿದುಕೊಂಡೇ ಗುರುಗಳ ಬಳಿ ಹೋದೆ. ಅವರು ಮರದ ಕೆಳಗೆ ಕೂತು ಚಹಾ ಕುಡಿಯುತ್ತಿದ್ದರು. ‘ಗುರೂಜಿ, ನಿನ್ನೆ ಕೈ ಎತ್ತಿದೆ. ನಿಜ ಹೇಳಬೇಕೆಂದರೆ ನನಗೆ ಕೇಳಿಸಿರಲಿಲ್ಲ. ಪುಣ್ಯಾಶ್ರಮದ ಒಳಗೂ ನಾನು ಹೋಗಿಲ್ಲ’ ಎಂದು ಒಂದೇ ಉಸಿರಿಗೆ ಹೇಳಿದೆ.

ಬೈಯಬಹುದು ಅಂದುಕೊಂಡಿದ್ದೆ. ಅವರು ನಕ್ಕರು. ‘ಹಾಗಾದರೆ ಈಗ ಪಾಠ ಶುರು ಮಾಡಬಹುದು. ಕೇಳಿಸಿತು ಅಂದವರಿಗೆ ನಾನು ಏನು ಕೇಳಿಸಲಿ?’ ಎಂದು ಎದ್ದು ಒಳಗೆ ಕರೆದುಕೊಂಡು ಹೋದರು.

ತಂಬೂರಿಯ ದೊಡ್ಡ ಬುರುಡೆಗೆ ಕಿವಿ ಅಂಟಿಸಿ ಕೂರು ಎಂದರು. ಅದು ಮಾಡಿದ್ದು ಸೋರೆಕಾಯಿಯಲ್ಲಿ. ನಮ್ಮ ಗಡಿಯಾಚೆಯ ಮೀರಜ್‌ನಲ್ಲಿ ಇಂಥ ತಂಬೂರಿಗಳನ್ನು ತಲೆಮಾರುಗಳಿಂದ ಮಾಡುತ್ತಾ ಬಂದಿದ್ದಾರೆ. ಗುರುಗಳು ಖರಜದ ತಂತಿಯೊಂದನ್ನೇ ಮೀಟಿದರು. ‘ಶುರುವಿನ ಸದ್ದು ಬಿಡು, ಅದು ಇಳಿಯುವಾಗ ಏನು ಉಳಿಯುತ್ತದೆ ನೋಡು’ ಎಂದರು. ಇನ್ನೊಮ್ಮೆ ಮೀಟಿದರು. ಆಮೇಲೆ ತಾವೇ ಮೆಲ್ಲಗೆ ‘ಗಾ’ ಹಾಡಿ, ಥಟ್ಟನೆ ನಿಲ್ಲಿಸಿದರು. ಅವರು ನಿಲ್ಲಿಸಿದರೂ ‘ಗಾ’ ನಿಲ್ಲಲಿಲ್ಲ! ತಂತಿಯೊಳಗೆ, ಎಲ್ಲೋ ಮೇಲೆ, ಸಣ್ಣಗೆ ಮುಂದುವರಿಯುತ್ತಿತ್ತು. ಮೂರು ದಿನದಿಂದ ಅದು ಅಲ್ಲೇ ಇತ್ತು.

ಮೈ ಜುಮ್ಮೆಂದಿತು. ಅದು ಭಕ್ತಿಯೋ, ಅಧ್ಯಾತ್ಮವೋ ನನಗೆ ತಿಳಿಯದು. ಆದರೆ ಆ ಗಳಿಗೆಯಲ್ಲಿ ತಲೆಯಲ್ಲಿ ಬೇರೆ ಏನೂ ಇರಲಿಲ್ಲ ಎಂಬುದು ಮಾತ್ರ ನಿಜ.

ಎರಡು ನಿಮಿಷ ಬಿಟ್ಟು ಇನ್ನೊಂದು ಹೊಳೆಯಿತು. ಇದು ನಾನು ಫೇಲಾದ ಪಾಠವೇ ಅಲ್ಲವೇ! ತಂತಿ ಮೀಟಿದಾಗ ಅದು ಇಡಿಯಾಗಿ ಮಾತ್ರ ಕಂಪಿಸುವುದಿಲ್ಲ. ಅರ್ಧ, ಮೂರನೇ ಒಂದು, ಕಾಲು, ಐದನೇ ಒಂದು ಭಾಗಗಳಾಗಿಯೂ ಏಕಕಾಲಕ್ಕೆ ಕಂಪಿಸುತ್ತದೆ. ಖರಜದ ಆವರ್ತನ 100 ಹರ್ಟ್ಸ್ ಎಂದಿಟ್ಟುಕೊಳ್ಳಿ. ಅದರ ಒಳಗೆ 200, 300, 400, 500 ಹರ್ಟ್ಸ್‌ನ ಸ್ವರಗಳೂ ಇರುತ್ತವೆ. 200 ಮತ್ತು 400 ಮೇಲಿನ ‘ಸಾ’ಗಳು. 300 ಎಂದರೆ ‘ಪ’. 500ಕ್ಕೂ 400ಕ್ಕೂ ಇರುವ ಅನುಪಾತ ಐದಕ್ಕೆ ನಾಲ್ಕು. ಅದೇ ‘ಗ’! ಸಾಮಾನ್ಯ ತಂತಿಯಲ್ಲಿ ಈ ಮೇಲಿನ ಸ್ವರಗಳು ಬೇಗ ಸಾಯುತ್ತವೆ. ಅಗಲವಾಗಿ, ಸ್ವಲ್ಪ ಉಬ್ಬಾಗಿ ಕೆತ್ತಿದ ಕುದುರೆ ಮತ್ತು ಆ ಎಳೆ ನೂಲು ಸೇರಿ ಅವನ್ನು ಎಬ್ಬಿಸಿ ನಿಲ್ಲಿಸುತ್ತವೆ. ಒಂದು ಸಂಕೀರ್ಣ ಅಲೆಯನ್ನು ಸರಳ ಅಲೆಗಳಾಗಿ ಬಿಡಿಸಬಹುದು ಎಂಬ ಫೋರಿಯರ್‌ನ ಲೆಕ್ಕವನ್ನು ನಾನು ಸೂತ್ರವಾಗಿ ಉರು ಹೊಡೆದಿದ್ದೆ. ಕಿವಿಯಿಂದ ಕೇಳಿದ್ದು ಅದೇ ಮೊದಲು.

ಚಹಾದ ಹೊತ್ತಿನಲ್ಲಿ ಇದನ್ನೇ ನಮ್ಮ ಗುಂಪಿಗೆ ಉತ್ಸಾಹದಿಂದ ವಿವರಿಸಿದೆ. ಸ್ಪೇನ್‌ನ ಗಲೀಸಿಯಾ ಕಡೆಯಿಂದ ಬಂದಿದ್ದ ಒಬ್ಬ ಹುಡುಗಿ ತಮ್ಮಲ್ಲೂ ‘ಗಾಯ್ತಾ’ ಎಂಬ ಚೀಲದ ವಾದ್ಯವಿದೆ, ಅದರಲ್ಲಿ ಒಂದು ಕೊಳವೆ ಇಡೀ ಹಾಡಿಗೆ ಒಂದೇ ಸ್ವರ ಹಿಡಿದಿರುತ್ತದೆ ಎಂದಳು. ಸ್ಕಾಟ್ಲೆಂಡ್‌ನ ಬ್ಯಾಗ್‌ಪೈಪ್‌ನಲ್ಲೂ ಹಾಗೇ. ಸೈಬೀರಿಯಾದ ದಕ್ಷಿಣದ ತುವಾ ಜನ ಗಂಟಲಿನಲ್ಲಿ ಒಂದು ಸ್ವರ ಹಿಡಿದು, ಬಾಯಿಯ ಆಕಾರ ಬದಲಿಸುತ್ತಾ ಅದರೊಳಗಿನ ಮೇಲಿನ ಸ್ವರಗಳನ್ನೇ ಹೆಕ್ಕಿ ಹಾಡುತ್ತಾರೆ. ಒಬ್ಬನೇ ಮನುಷ್ಯ, ಎರಡು ಸ್ವರ. ಭೂಮಿಯ ಎಲ್ಲೆಲ್ಲೋ ಕೂತ ಜನ ಒಬ್ಬರನ್ನೊಬ್ಬರು ಕಾಣದೆ ಒಂದು ಸ್ವರಕ್ಕೆ ಕಿವಿಗೊಟ್ಟು ಅದರೊಳಗೆ ಏನಿದೆ ಎಂದು ಹುಡುಕಿದ್ದಾರೆ.

ಗುರುಗಳು ಆ ಮಧ್ಯಾಹ್ನ ಮತ್ತೆ ಎಲ್ಲರನ್ನೂ ಕೇಳಿದರು. ಈ ಸಲ ಮಣಿಪುರದ ಹುಡುಗ ನನಗಿಂತ ಮೊದಲೇ ಕೈ ಎತ್ತಿದ.

ಬೆಳಗಾಗುವವರೆಗೆ

ಸಂಜೆಗಳ ಬಗ್ಗೆ ಎಷ್ಟು ಹೇಳಿದರೂ ಸಾಲದು. ಒಂದು ಸಂಜೆ ಕೇರಳದ ಕೂಡಿಯಾಟ್ಟಂ. ಯುನೆಸ್ಕೊ ಮಾನವ ಪರಂಪರೆಯ ಪಟ್ಟಿಯಲ್ಲಿರುವ ಸಂಸ್ಕೃತ ರಂಗಭೂಮಿ. ಮಿಳಾವು ಎಂಬ ದೊಡ್ಡ ತಾಮ್ರದ ಗಡಿಗೆಯಂಥ ವಾದ್ಯ ಗುಡುಗುತ್ತಿದ್ದರೆ, ನಟ ಕಣ್ಣುಗುಡ್ಡೆಗಳಲ್ಲೇ ಒಂದು ಪರ್ವತವನ್ನು ಬುಡದಿಂದ ತುದಿಯವರೆಗೆ ನೋಡುತ್ತಾ ನಿಂತಿದ್ದ. ಅರ್ಧಕ್ಕೆ ನಾನು ನಿದ್ದೆ ಹೋದೆ ಎಂಬುದನ್ನೂ ಹೇಳಿಬಿಡುತ್ತೇನೆ. ಎಚ್ಚರಾದಾಗ ಅವನು ಇನ್ನೂ ಪರ್ವತ ನೋಡುತ್ತಿದ್ದ.

ಕೊನೆಯ ರಾತ್ರಿ ಅಹೋರಾತ್ರಿ ಕಛೇರಿ. ಊಟ ಮುಗಿಸಿ ಕೂತರೆ ಸೂರ್ಯ ಹುಟ್ಟುವವರೆಗೆ. ರಾತ್ರಿ ಒಂದರ ಹೊತ್ತಿಗೆ ಅರ್ಧ ಸಭೆ ದಿಂಬಿಗೆ ಒರಗಿತ್ತು. ಚಹಾದ ಕೆಟಲಿನವರು ಸಾಲುಗಳ ನಡುವೆ ಓಡಾಡುತ್ತಿದ್ದರು. ನಮ್ಮೂರ ದೊಡ್ಡಾಟದ ರಾತ್ರಿ ನೆನಪಾಯಿತು. ನಾಲ್ಕೂವರೆಗೆ ನಮ್ಮ ಗುರುಗಳು ವೇದಿಕೆ ಏರಿದರು. ರಾಗ ಭೈರವ. ಬೆಳಗಿನ ರಾಗ. ರಿಷಭ, ಧೈವತ ಎರಡೂ ಕೋಮಲ. ಕರ್ನಾಟಕ ಸಂಗೀತದಲ್ಲಿ ಮಾಯಾಮಾಳವಗೌಳಕ್ಕೂ ಇವೇ ಸ್ವರಗಳು. ಪುರಂದರದಾಸರು ಆರಂಭದ ಪಾಠಕ್ಕೆ ಆರಿಸಿದ ರಾಗ ಎಂಬ ನಂಬಿಕೆಯಿಂದ ಇಂದಿಗೂ ಮಕ್ಕಳಿಗೆ ಮೊದಲು ಕಲಿಸುವುದು ಅದನ್ನೇ.

ಅವರು ‘ಸಾ’ ಹಿಡಿದು ಎಷ್ಟೋ ಹೊತ್ತು ಅಲ್ಲೇ ನಿಂತರು. ಈ ಸಲ ನಾನು ‘ರೀ’ಗೆ ಕಾಯಲಿಲ್ಲ. ‘ಸಾ’ದ ಒಳಗೇ ಸಾಕಷ್ಟಿತ್ತು. ಆಮೇಲೆ ಕೋಮಲ ರಿಷಭ ಮೆಲ್ಲಗೆ ತೂಗುತ್ತಾ ಬಂದಾಗ ಕಿಟಕಿಯಾಚೆ ಆಕಾಶ ಬೂದು ಬಣ್ಣಕ್ಕೆ ತಿರುಗುತ್ತಿತ್ತು. ಪಖಾವಜ್ ಶುರುವಾದಾಗ ಹಕ್ಕಿಗಳೂ ಶುರುಮಾಡಿದವು.

ಹೊರಡುವ ಮುನ್ನ ಗುರುಗಳ ಕಾಲಿಗೆ ನಮಸ್ಕರಿಸಿದೆ. ‘ಮೊದಲು ಆಶ್ರಮಕ್ಕೆ ಹೋಗು’ ಎಂದರು. ಸರ್ಟಿಫಿಕೇಟಿಗೆ ಎಷ್ಟು ಪಾಯಿಂಟ್ ಬರುತ್ತದೆ ಎಂದು ಕೇಳುವುದೇ ಮರೆತುಹೋಗಿತ್ತು.

ಊರಿನ ಒಂದು ತಂತಿ

ರೈಲಿನಲ್ಲಿ ಬರುವಾಗ ಇಡೀ ದಾರಿ ಅಪ್ಪನಿಗೆ ಹೇಗೆ ಹೇಳುವುದು ಎಂದು ಮಾತು ಜೋಡಿಸಿದೆ. ಮನೆಗೆ ಬಂದಾಗ ಜೋಡಿಸಿದ ಮಾತೆಲ್ಲ ಮರೆತವು. ಅಪ್ಪ ಡ್ಯೂಟಿ ಮುಗಿಸಿ ಬಂದು ಕೈಕಾಲು ತೊಳೆಯುತ್ತಿದ್ದ. ‘ಅಪ್ಪಾ, ಒಂದ್ ಪೇಪರ್ ಬ್ಯಾಕ್ ಐತಿ. ಅವತ್ತ ಸುಳ್ಳ ಹೇಳಿದ್ದೆ’ ಎಂದೆ.

ಅಪ್ಪ ಟವೆಲ್ ಹೆಗಲಿಗೆ ಹಾಕಿಕೊಂಡು ಸುಮ್ಮನೆ ಒಳಗೆ ಹೋದ. ಎರಡು ದಿನ ಮಾತಿಲ್ಲ. ಅಷ್ಟು ದೊಡ್ಡ ಮೌನವನ್ನು ಆ ಶಿಬಿರದಲ್ಲೂ ನಾನು ಕೇಳಿರಲಿಲ್ಲ. ಮೂರನೇ ದಿನ ರೊಟ್ಟಿ ಮುರಿಯುತ್ತಾ ತಾನೇ ಶುರುಮಾಡಿದ. ‘ನಾ ಇಪ್ಪತ್ತೆರಡ ವರ್ಷ ಗಾಡಿ ಹೊಡದೇನಿ. ಎಂಜಿನ್ ಸಪ್ಪಳ ಒಂಚೂರ ಬ್ಯಾರೆ ಆತಂದ್ರ ಡೆಪೊದಾಗ ಹೇಳತೀನಿ. ಹೇಳಲಿಲ್ಲಂದ್ರ ನಡು ದಾರ್ಯಾಗ ನಿಂತ ಮ್ಯಾಲೆ ಜನರ ಕೂಡ ಬೈಸ್ಕೋಬೇಕು. ಫೇಲಾಗಿದ್ದಕ್ಕ ಸಿಟ್ಟಿಲ್ಲ ನನಗ. ಫೇಡೆ ಹಂಚಿಸಿದಿ ನೋಡು, ಅದಕ್ಕ ಸಿಟ್ಟು.’ ಇನ್ನೊಂದು ರೊಟ್ಟಿ ನನ್ನ ತಟ್ಟೆಗೆ ಹಾಕಿ ‘ಪರೀಕ್ಷಾ ಯಾವಾಗ?’ ಎಂದ.

ನಮ್ಮ ಮನೆಯಲ್ಲಿ ನಿಜವಾಗಿ ಕೇಳುವ ಕಿವಿ ಇದ್ದದ್ದು ಅಪ್ಪನಿಗೆ. ಇನ್ನೊಬ್ಬರು ಅಜ್ಜ.

ಅಜ್ಜನ ಕೋಣೆಯ ಗೂಟಕ್ಕೆ ಒಂದು ಏಕತಾರಿ ತೂಗುಹಾಕಿದೆ. ಪ್ರತಿ ಸೋಮವಾರ ಮಠದಲ್ಲಿ ಭಜನೆ. ಶಿಶುನಾಳ ಷರೀಫರ, ಕಡಕೋಳ ಮಡಿವಾಳಪ್ಪನವರ ತತ್ವಪದಗಳು. ಎಂಟನೇ ತರಗತಿಯವರೆಗೆ ನಾನೂ ತಾಳ ಹಿಡಿದು ಕೂರುತ್ತಿದ್ದೆ. ಆಮೇಲೆ ಗೆಳೆಯರು ನಗುತ್ತಾರೆಂದು ಬಿಟ್ಟೆ. ಆ ಏಕತಾರಿಯೂ ಸೋರೆ ಬುರುಡೆಯದೇ ಎಂಬುದನ್ನು ಇಷ್ಟು ವರ್ಷ ಗಮನಿಸಿರಲಿಲ್ಲ. ಅದನ್ನು ಇಳಿಸಿ ಕಿವಿಗಿಟ್ಟು ಮೀಟುತ್ತಾ, ಅಜ್ಜನಿಗೆ ಸ್ವಯಂಭೂ ಗಾಂಧಾರದ ಬಗ್ಗೆ ಹೇಳಿದೆ. ‘ಗಾಂಧಾರ ಗೀಂಧಾರ ನನಗ ಗೊತ್ತಿಲ್ಲೋ ತಮ್ಮಾ. ತಂತಿಗೆ ದನಿ ಕೂಡಿತಂದ್ರ ಎದ್ಯಾಗ ಗುಂಯ್ ಅಂತೈತಿ. ಅದು ಗೊತ್ತು’ ಎಂದರು. ಅಜ್ಜನ ದನಿ ಈಗ ನಡುಗುತ್ತದೆ. ಸಾಲುಗಳು ಮರೆತುಹೋಗುತ್ತವೆ. ಮರೆತ ಕಡೆ ಸುಮ್ಮನೆ ತಂತಿ ಮೀಟುತ್ತಾ ಕಾಯುತ್ತಾರೆ, ಸಾಲು ಬರುವವರೆಗೆ. ಈಗ ರಜೆಗೆ ಹೋದಾಗೆಲ್ಲ ಅವರು ಹಾಡುವುದನ್ನು ಬರೆದಿಟ್ಟುಕೊಳ್ಳುತ್ತಿದ್ದೇನೆ. ಯಾವ ಸಾಲು ನನಗೆ ಸರಿಯಾಗಿ ಕೇಳಿಸಲಿಲ್ಲವೋ ಅಲ್ಲಿ ನಿಲ್ಲಿಸಿ, ‘ಇನ್ನೊಮ್ಮೆ ಹೇಳ ಅಜ್ಜಾ’ ಎನ್ನುತ್ತೇನೆ.

ಓದುವಾಗ ಇನ್ನೊಂದು ಖುಷಿಯ ಸಂಗತಿ ಸಿಕ್ಕಿತು. ವೀಣೆ, ತಂಬೂರಿಗಳ ಕುದುರೆಯ ವಿಶೇಷವನ್ನು 1921ರಲ್ಲೇ ಪ್ರಬಂಧವಾಗಿ ಬರೆದವರು ಸರ್ ಸಿ.ವಿ. ರಾಮನ್. ಅದಕ್ಕೂ ಮುಂಚೆ, ಇನ್ನೂ ಸರ್ಕಾರಿ ಹಣಕಾಸು ಇಲಾಖೆಯಲ್ಲಿ ನೌಕರಿಯಲ್ಲಿದ್ದಾಗ, 1909ರಲ್ಲಿ ಅವರು ಇನ್ನೊಂದು ಪುಟ್ಟ ಪ್ರಬಂಧ ಬರೆದಿದ್ದರು. ವಿಷಯ: ಏಕತಾರಿ! ಆಗ ಅವರ ವಯಸ್ಸೂ ಹೆಚ್ಚುಕಡಿಮೆ ಇಪ್ಪತ್ತು.

ಪುಣ್ಯಾಶ್ರಮಕ್ಕೂ ಹೋಗಿ ಬಂದೆ. ಒಂದು ಕೋಣೆಯಲ್ಲಿ ಪುಟ್ಟ ಹುಡುಗನೊಬ್ಬ ಹಾರ್ಮೋನಿಯಂ ಮುಂದೆ ಒಂದೇ ಪಲ್ಟಾವನ್ನು ಮತ್ತೆ ಮತ್ತೆ ಹಾಡುತ್ತಿದ್ದ. ತಪ್ಪಿದಾಗ ತಾನೇ ‘ಊಹೂಂ’ ಎಂದು ತಲೆ ಆಡಿಸಿ ಮೊದಲಿನಿಂದ ಶುರುಮಾಡುತ್ತಿದ್ದ. ಯಾರೂ ಅವನನ್ನು ನೋಡುತ್ತಿರಲಿಲ್ಲ, ನನ್ನನ್ನು ಬಿಟ್ಟರೆ.

ಇಂಥದ್ದಕ್ಕೆ ನೀವು ನನ್ನ ಹಾಗೆ ಎರಡು ದಿನ ರೈಲಿನಲ್ಲಿ ಕೂರಬೇಕೆಂದೇನಿಲ್ಲ. ಕುಂದಗೋಳದಲ್ಲಿ ಸವಾಯಿ ಗಂಧರ್ವರ ನೆನಪಿನ ಅಹೋರಾತ್ರಿ ಸಂಗೀತವಿದೆ. ಹೆಗ್ಗೋಡಿನ ನೀನಾಸಂನಲ್ಲಿ ಸಂಸ್ಕೃತಿ ಶಿಬಿರವಿದೆ. ನಿಮ್ಮ ಕಾಲೇಜಿನಲ್ಲೇ ಸ್ಪಿಕ್ ಮೆಕೆ ಕಾರ್ಯಕ್ರಮ ಆಗಬಹುದು. ಅದೂ ಬೇಡವೆಂದರೆ ನಿಮ್ಮ ಓಣಿಯಲ್ಲಿ ಸೋಮವಾರದ ಭಜನೆಯಾದರೂ ಇದ್ದೀತು. ಅರ್ಥವಾಗದಿದ್ದರೆ ಚಿಂತೆ ಬೇಡ, ಕೂತುಕೊಳ್ಳಿ. ನಿದ್ದೆ ಬಂದರೂ ಪರವಾಗಿಲ್ಲ.

ಬ್ಯಾಕ್ ಪೇಪರ್ ಬರೆದಿದ್ದೇನೆ. ಫಲಿತಾಂಶ ಇನ್ನೂ ಬಂದಿಲ್ಲ. ಮೊನ್ನೆ ಕ್ಲಾಸಿನಲ್ಲಿ ಸರ್ ಬೋರ್ಡ್ ತುಂಬ ಲೆಕ್ಕ ಬಿಡಿಸಿ, ಚಾಕ್‌ಪೀಸ್ ಕೆಳಗಿಟ್ಟು, ಎಂದಿನಂತೆ ‘ಅರ್ಥ ಆಯ್ತಾ?’ ಎಂದರು. ಎಂದಿನಂತೆ ಎಲ್ಲರೂ ‘ಎಸ್ ಸರ್’. ನಾನು ಕೈ ಎತ್ತಿದೆ. ‘ಇಲ್ಲ ಸರ್, ಮೂರನೇ ಸ್ಟೆಪ್ ಅರ್ಥ ಆಗ್ಲಿಲ್ಲ.’

ಕ್ಲಾಸು ತಿರುಗಿ ನನ್ನನ್ನೇ ನೋಡಿತು. ಒಂದು ಗಳಿಗೆ ಬಿಟ್ಟು ಹಿಂದಿನ ಬೆಂಚಿನಿಂದ ಇನ್ನೊಂದು ಕೈ ಮೇಲೆದ್ದಿತು: ‘ನನಗೂ ಸರ್.’ ಆಮೇಲೆ ಕಿಟಕಿ ಪಕ್ಕದಿಂದ ಇನ್ನೊಂದು. ಸರ್ ಮತ್ತೆ ಚಾಕ್‌ಪೀಸ್ ಎತ್ತಿಕೊಂಡರು.